ಮೂರನೇ ದಿನದ ತಲೆನೋವು

ಮೊದಲು ಒಂದು ಸ್ಪಷ್ಟನೆ ಕೊಟ್ಟುಬಿಡುತ್ತೇನೆ. ನಾನು ಸಪೂರ ಕಾಣಿಸಬೇಕೆಂದು ಊಟ ಬಿಟ್ಟವಳಲ್ಲ. ತೊಂಬತ್ತೊಂದು ಕೆ.ಜಿ. ಇದ್ದ ಕಾಲದಲ್ಲೂ ನನಗೆ ನನ್ನ ಮೈಯ ಬಗ್ಗೆ ದೂರಿರಲಿಲ್ಲ. ದೂರಿದ್ದದ್ದು ನೆಂಟರಿಗೆ, ಅವರಿಗೆ ಉತ್ತರ ಕೊಡುವುದು ನನಗೆ ಗೊತ್ತಿತ್ತು. ದಿನಕ್ಕೆ ಸಾವಿರ ಕ್ಯಾಲೊರಿಯ ಆ ಪಟ್ಟಿಯನ್ನು ನಾನು ಒಪ್ಪಿಕೊಂಡದ್ದು ಕಣ್ಣು ಉಳಿಸಿಕೊಳ್ಳುವುದಕ್ಕೆ. ಯಾವ ಕಾರಣಕ್ಕೋ ಅಂಥದೇ ಒಂದು ಪಟ್ಟಿ ನಿಮ್ಮ ಕೈಗೂ ಬಂದಿದ್ದರೆ, ನೀವೀಗ ಅದರ ಮೊದಲ ವಾರದಲ್ಲಿದ್ದು ಇದು ನನ್ನ ಕೈಲಾಗದು ಅಂತ ಗೋಡೆಗೆ ಒರಗಿ ಕೂತಿದ್ದರೆ, ಇದು ನಿಮಗಾಗಿ ಬರೆದದ್ದು. ಉಪದೇಶ ಮಾಡುವುದಿಲ್ಲ. ಉಪದೇಶ ಕೇಳಿದಾಗಲೆಲ್ಲ ನನಗೆ ಹಸಿವು ಜಾಸ್ತಿಯಾಗುತ್ತಿತ್ತು.

ನಾನಾಗ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಕಾನೂನು ಓದುತ್ತಿದ್ದೆ. ಓದಿಗಿಂತ ಚರ್ಚಾಸ್ಪರ್ಧೆಯೇ ಹೆಚ್ಚು. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಚೀಟಿ ಎತ್ತಿದ ಐದು ನಿಮಿಷಕ್ಕೆ ಯಾವ ಪಕ್ಷದಲ್ಲಾದರೂ ನಿಂತು ಮಾತಾಡಬಲ್ಲೆ ಎಂಬ ಜಂಬವಿತ್ತು. ನಮ್ಮ ಮನೆ ಹಾನುಬಾಳಿನಿಂದ ಮೂರು ಮೈಲಿ ಒಳಗೆ. ಅಪ್ಪನಿಗೆ ಆರೆಕರೆ ಕಾಫಿ, ಒಂದಿಷ್ಟು ಗದ್ದೆ. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಮೂರೇ ಜನ. ರಜೆಗೆ ಬಂದಾಗ ಅವರಿಬ್ಬರೂ ನನ್ನ ಎದುರಾಳಿಗಳು. ಬಿದಿರಿನ ಕಳಲೆ ತಿಂದ ದಿನ ಹಾಲು ಕುಡಿಯಬಾರದು ಎಂದು ಅಮ್ಮ ಅಂದರೆ, ಯಾಕೆ, ಯಾರಿಗೆ ಏನಾಗಿದೆ, ನೀನು ನೋಡಿದ್ದೀಯಾ, ಅಂತ ಶುರು. ಅವಳು ಸೋಲುತ್ತಿದ್ದಳು. ಸೋತರೂ ಹಾಲು ಮಾತ್ರ ಕೊಡುತ್ತಿರಲಿಲ್ಲ.

ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಒಂದು ಸ್ಪರ್ಧೆಯ ನಡುವೆ. ಎದುರು ತಂಡದವನ ಮಾತಿಗೆ ಉತ್ತರ ಕೊಡಲು ಕುರ್ಚಿಯಿಂದ ಎದ್ದೆ. ಸಭಾಂಗಣ ಬೂದಿಬಣ್ಣಕ್ಕೆ ತಿರುಗಿ ಆರಿಹೋಯಿತು. ನಾಲ್ಕೈದು ಸೆಕೆಂಡಿನಲ್ಲಿ ಎಲ್ಲಾ ವಾಪಸ್ ಬಂತು. ಸಭಾಕಂಪ ಇರಬೇಕು ಎಂದು ಗೆಳತಿಯರು ನಕ್ಕರು. ಆಮೇಲೆ ಬಗ್ಗಿ ಏಳುವಾಗಲೆಲ್ಲ ಹೀಗಾಗತೊಡಗಿತು. ಕಿವಿಯೊಳಗೆ ನಾಡಿಯ ಜೊತೆಗೇ ಸುಯ್ ಸುಯ್ ಎಂಬ ಸದ್ದು. ಬೆಳಿಗ್ಗೆ ಏಳುವಾಗಲೇ ಕಣ್ಣಿನ ಹಿಂದೆ ಯಾರೋ ಹೆಬ್ಬೆರಳು ಇಟ್ಟು ಒತ್ತಿದಂಥ ನೋವು. ಸಕಲೇಶಪುರದ ಕನ್ನಡಕದ ಅಂಗಡಿಯಲ್ಲಿ ಕನ್ನಡಕ ಮಾಡಿಸಿದೆವು, ಅದು ಕೆಲಸಕ್ಕೆ ಬರಲಿಲ್ಲ. ಒಂದು ಸಂಜೆ ಬಸ್ಸಿನ ಬೋರ್ಡು ಎರಡೆರಡಾಗಿ ಕಂಡ ಮೇಲೆ ಹಾಸನದ ಒಬ್ಬ ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ನನ್ನ ಕಣ್ಣೊಳಗೆ ದೀಪ ಬಿಟ್ಟು ನೋಡಿದರು. ನೋಡಿದ್ದನ್ನೇ ಮತ್ತೆ ನೋಡಿದರು. ಮಾತಾಡುತ್ತಾ ಇದ್ದ ಮನುಷ್ಯರು ಮಾತು ನಿಲ್ಲಿಸಿದರೆ ಅದಕ್ಕಿಂತ ಹೆದರಿಕೆ ಬೇರೆ ಇಲ್ಲ. ಮನೆಯವರು ಯಾರಾದರೂ ಬಂದಿದ್ದಾರಾ ಎಂದು ಕೇಳಿದರು. ಮರುದಿನವೇ ಮಂಗಳೂರಿಗೆ ಹೋಗಿ ಎಂದು ಪತ್ರ ಬರೆದುಕೊಟ್ಟರು.

ಮಂಗಳೂರಿನ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಗಬೇಕಿತ್ತು. ಮೈಮೇಲೆ ಲೋಹ ಇರಕೂಡದು ಎಂದರು, ಹೇರ್‌ಪಿನ್ನುಗಳನ್ನೆಲ್ಲ ಬಿಚ್ಚಿ ಅಮ್ಮನ ಕೈಗೆ ಕೊಟ್ಟೆ. ಮುಕ್ಕಾಲು ಗಂಟೆ ಕಳೆದು ಹೊರಗೆ ಬಂದಾಗ ಅವಳು ಅದೇ ಜಾಗದಲ್ಲಿ, ಅದೇ ಮುಷ್ಟಿ ಕಟ್ಟಿಕೊಂಡು ನಿಂತಿದ್ದಳು. ಕೈ ಬಿಡಿಸಿದರೆ ಅಂಗೈ ತುಂಬ ಪಿನ್ನಿನ ಗುರುತು. ಅಪ್ಪ ಕಾರಿಡಾರಿನ ಗೋಡೆಯ ಮೇಲಿದ್ದ, ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬ ಸೂಚನೆಯನ್ನು ಪೂರಾ ಬಾಯಿಪಾಠ ಮಾಡಿಕೊಂಡಿದ್ದ. ಗೆಡ್ಡೆ ಏನೂ ಇಲ್ಲ ಎಂದರು. ಅಪ್ಪ ಅಲ್ಲೇ ಕೈ ಮುಗಿದ. ಖುಷಿಪಡುವಷ್ಟರಲ್ಲಿ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು ಒತ್ತಡ ಅಳೆದರು. ಅದು ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿತ್ತು.

ಅಲ್ಲಿನ ನರದ ಡಾಕ್ಟರು ಹೇಳಿದ್ದು ಇಷ್ಟು: ಮಿದುಳಿನ ಸುತ್ತ ಇರುವ ನೀರು ಒತ್ತಡ ಹಾಕುತ್ತಿದೆ, ಅದರಿಂದ ಕಣ್ಣಿನ ನರ ಬಾತುಕೊಂಡಿದೆ, ಹೀಗೇ ಬಿಟ್ಟರೆ ದೃಷ್ಟಿ ಅಂಚಿನಿಂದ ಸವೆಯುತ್ತಾ ಬರುತ್ತದೆ. ಯಾಕೆ ಹೀಗಾಯಿತು ಎಂದು ಕೇಳಿದೆ. ಖಚಿತವಾಗಿ ಗೊತ್ತಿಲ್ಲ ಎಂದರು. ತೂಕ ಇಳಿಸಿದರೆ ಒತ್ತಡವೂ ಇಳಿಯುತ್ತದೆ ಎನ್ನುವುದು ಗೊತ್ತಿದೆಯಂತೆ. ಕಾರಣವೇ ಗೊತ್ತಿಲ್ಲದ ಮೇಲೆ ಪರಿಹಾರ ಹೇಗೆ ಗೊತ್ತಾಯಿತು, ದಪ್ಪಗಿರುವ ಎಲ್ಲರಿಗೂ ಯಾಕೆ ಇದು ಬಂದಿಲ್ಲ, ಎಂದು ನಾನು ಹಿಡಿದೆ. ಅಮ್ಮ ಮೊಣಕೈ ಹತ್ತಿರ ಚಿವುಟಿದಳು. ಡಾಕ್ಟರಿಗೆ ಸಿಟ್ಟು ಬರಲಿಲ್ಲ.

"ಅನುಮಾನ ಇಟ್ಕೋ, ತೊಂದ್ರೆ ಇಲ್ಲ," ಅಂದರು. "ಅನುಮಾನ ಇಟ್ಕೊಂಡೇ ಊಟ ಕಮ್ಮಿ ಮಾಡು. ಮಾತ್ರೆ ಕೊಡ್ತೇನೆ. ಮೂರು ತಿಂಗಳು ನೋಡುವ. ಅಷ್ಟರಲ್ಲಿ ಕಣ್ಣು ಸವೆಯುದು ನಿಲ್ಲದಿದ್ರೆ ಆಪರೇಶನ್. ಆದ್ರೆ ಹೋದ ದೃಷ್ಟಿ ವಾಪಸ್ ಬರ್ತದೆ ಅಂತ ಮಾತ್ರ ನಾನು ಹೇಳುದಿಲ್ಲ."

ಪಥ್ಯದ ಪಟ್ಟಿ ಎಲ್ಲಿ ಕೊಡುತ್ತಾರೆ ಎಂದು ಕೇಳಿದೆ.

ಪಥ್ಯದ ಪಟ್ಟಿ ಮಾಡಿಕೊಟ್ಟವಳು ಹೆಚ್ಚುಕಮ್ಮಿ ನನ್ನದೇ ವಯಸ್ಸಿನ ಹುಡುಗಿ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿನ್ನುತ್ತೀರಿ ಹೇಳಿ ಎಂದು ಪೆನ್ನು ಹಿಡಿದು ಕೂತಳು. ನಾನು ಒಂದನ್ನೂ ಮುಚ್ಚಿಡದೆ ಹೇಳಿದೆ: ನಾಲ್ಕು ಅಕ್ಕಿ ರೊಟ್ಟಿ, ಬೆಣ್ಣೆ, ಮಧ್ಯಾಹ್ನ ಎರಡು ಸಲ ಅನ್ನ, ಭಾನುವಾರ ಕಡುಬು ಮತ್ತು ಕೋಳಿ ಸಾರು, ಎಷ್ಟು ಕಡುಬು ಅಂತ ಎಣಿಸಿಲ್ಲ. ನಾನು ಮರೆತದ್ದನ್ನು ಅಮ್ಮ ಸೇರಿಸಿದಳು. ಆ ಹುಡುಗಿ ಕೊಟ್ಟ ಪಟ್ಟಿ ಕರಾವಳಿಯವರಿಗೆಂದು ಮೊದಲೇ ಅಚ್ಚು ಹಾಕಿಸಿದ್ದು. ಒಂದು ಸೌಟು ಕುಚ್ಚಲಕ್ಕಿ ಅನ್ನ, ಬೇಯಿಸಿದ ತರಕಾರಿ, ಒಂದು ತುಂಡು ಮೀನು, ಸಕ್ಕರೆ ಹಾಕದ ಚಹಾ ಒಂದು ಕಪ್. ನಾನು ಚಹಾ ಕುಡಿಯುವವಳಲ್ಲ, ಆ ಸಾಲನ್ನು ಹೊಡೆದುಹಾಕಿದೆ. ಪಟ್ಟಿಯಲ್ಲಿ ಇದ್ದದ್ದು ಉಂಟು, ಇಲ್ಲದ್ದು ಇಲ್ಲ. ನಿಯಮ ಎಂದರೆ ನಿಯಮ, ಅದನ್ನು ಎಳೆದಾಡಿ ಅರ್ಥ ಹಚ್ಚುವುದು ಸೋಲುವ ತಂಡದ ಕೆಲಸ ಎಂದು ಅಂದುಕೊಂಡಿದ್ದೆ.

ಬೆನ್ನಿನ ಸೂಜಿಯ ನೋವೆಲ್ಲ ಮಾಗಲಿ ಎಂದು ಹತ್ತು ದಿನ ಬಿಟ್ಟು, ಕಾಲೇಜಿಗೆ ರಜೆ ಹಾಕಿ ಊರಿನಲ್ಲೇ ಇದ್ದುಕೊಂಡು, ಒಂದು ಸೋಮವಾರ ಶುರು ಮಾಡಿದೆ. ಅದಕ್ಕೆ ಮೊದಲು ತೂಕ ನೋಡಬೇಕಿತ್ತು. ನಮ್ಮೂರಿನಲ್ಲಿ ನಂಬುವಂಥ ತಕ್ಕಡಿ ಇದ್ದದ್ದು ಒಂದೇ ಕಡೆ, ಪಕ್ಕದ ಎಸ್ಟೇಟಿನ ಸ್ಟೋರಿನಲ್ಲಿ, ಕಾಫಿ ಮೂಟೆ ತೂಗುವ ಪ್ಲಾಟ್‌ಫಾರ್ಮಿನ ಮೇಲೆ. ಕೊಯ್ಲಿನ ಕಾಲ. ಸಂಜೆ ಕೊಯ್ಲಿನವರು ಹಣ್ಣಿನ ಚೀಲ ಹೊತ್ತು ಸಾಲಾಗಿ ನಿಂತಿದ್ದರು, ಅವರ ಹಿಂದೆ ನಾನೂ ನಿಂತೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸೋಮಣ್ಣನಿಗೆ ಗುಟ್ಟಾಗಿ ನೋಡಿ ಹೇಳು ಎಂದು ಅಪ್ಪ ಮೊದಲೇ ತಿಳಿಸಿದ್ದ. ಆದರೆ ಇಪ್ಪತ್ತು ವರ್ಷದಿಂದ ಪ್ರತಿ ಚೀಲದ ತೂಕವನ್ನು ಕಣಕ್ಕೆಲ್ಲ ಕೇಳಿಸುವ ಹಾಗೆ ಕೂಗಿದ ಗಂಟಲು ಅದು. ನಾನು ಹತ್ತಿ ನಿಂತೆ, ಅವನು ತೂಕದ ಬಟ್ಟು ಸರಿಸಿದ, ತೊಂಬತ್ತೊಂದೂವರೆ ಎಂದು ಕೂಗಿಯೇಬಿಟ್ಟ. ಆಮೇಲೆ ನಾಲಿಗೆ ಕಚ್ಚಿಕೊಂಡ. ಸಾಲಿನಲ್ಲಿದ್ದ ಹೆಂಗಸೊಬ್ಬಳು, ಚೀಲದ ತೂಕ ಕಳೀರಿ ರೈಟ್ರೇ ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಮೊದಲ ದಿನ ಸುಲಭ. ಹಸಿವಾಯಿತು, ಆದರೆ ಹಸಿವಿಗೆ ಒಂದು ಗರ್ವ ಇತ್ತು. ಎರಡನೇ ದಿನ ಬೆಳಿಗ್ಗೆ ತಲೆನೋವಿನ ಜೊತೆಗೇ ಎದ್ದೆ. ಮಧ್ಯಾಹ್ನದ ಹೊತ್ತಿಗೆ ಅದು ಕಣ್ಣಿನ ಹಿಂದಕ್ಕೆ ಬಂದು ಕೂತಿತು. ಸುಡುಬಿಸಿಲಿನ ಕಣದಲ್ಲಿ ಸ್ವೆಟರ್ ಹಾಕಿಕೊಂಡು ಕೂತರೂ ಚಳಿ. ಎದ್ದು ನಿಂತರೆ ನೆಲ ವಾಲುತ್ತಿತ್ತು. ಮಾತ್ರೆಯಿಂದ ಬೆರಳ ತುದಿಯಲ್ಲಿ ಇರುವೆ ಹರಿದಂತೆ ಜುಮುಜುಮು. ಬಾಯಿಯಲ್ಲಿ ಕೊಳೆತ ಹಣ್ಣಿನ ವಾಸನೆ. ಜೊತೆಗೆ ಸಿಟ್ಟು, ಯಾವ ಸಿಟ್ಟೆಂದರೆ, ಅಪ್ಪ ಹಪ್ಪಳ ಮುರಿದ ಸದ್ದಿಗೆ ನಾನು ತಟ್ಟೆ ಬಿಟ್ಟು ಎದ್ದೆ. ಮರುದಿನದಿಂದ ಅಪ್ಪ ಮನೆಯಲ್ಲಿ ಊಟ ಮಾಡುವುದನ್ನೇ ನಿಲ್ಲಿಸಿದ. ಕಣದಲ್ಲಿ ಕಾಫಿ ಹರಗಿ ಒಣಗಿಸುವವರ ಜೊತೆ ಕೂತು, ಬಾಳೆಎಲೆಯಲ್ಲಿ ತಿಂದು, ಬಾಯಿ ತೊಳೆದು, ನನಗೂ ಹಸಿವಿಲ್ಲ ಎಂಬ ಮುಖ ಮಾಡಿಕೊಂಡು ಒಳಗೆ ಬರುತ್ತಿದ್ದ. ಇದು ನನಗೆ ಗೊತ್ತಾಗಿಲ್ಲ ಎಂದು ಅವನು ಎಷ್ಟೋ ವರ್ಷ ನಂಬಿದ್ದ.

ಆ ಎರಡನೇ ದಿನದ ಸಂಜೆ ಅಮ್ಮ ನನ್ನ ಹಣೆ ಮುಟ್ಟಿ ನೋಡಿ ಹೇಳಿದಳು: "ಕಾಫಿ ಕುಡೀದಿದ್ದಕ್ಕೆ ಕಣೆ ಇದು. ಬರೀ ಡಿಕಾಕ್ಷನ್ ನೀರಾದ್ರೂ ಒಂದು ಲೋಟ ಕುಡಿ, ಹೋಯ್ತದೆ."

ತಲೆನೋವಿನ ನಡುವೆಯೂ ನನಗೆ ವಾದ ಮಾಡುವಷ್ಟು ಶಕ್ತಿ ಇತ್ತು ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ತಲೆನೋವು ನನ್ನ ಕಾಯಿಲೆಯ ಲಕ್ಷಣ. ಕಾಫಿ ಬಿಡುವ ಮೊದಲೂ ಅದು ಇತ್ತು. ಮೊದಲೇ ಇದ್ದದ್ದಕ್ಕೆ ಆಮೇಲೆ ಆದದ್ದು ಕಾರಣವಾಗುವುದು ಹೇಗೆ? ಕಾಫಿ ಕುಡಿಯುವವರಿಗೆ ತಲೆನೋವೇ ಬರುವುದಿಲ್ಲವಾ? ಕಾಫಿ ಬೆಳೆಯುವವರು ಕಾಫಿಯೇ ಔಷಧಿ ಅನ್ನುವುದರಲ್ಲಿ ಸ್ವಾರ್ಥ ಇಲ್ಲವಾ? ಮೂರು ಪ್ರಶ್ನೆ, ಒಂದರ ಹಿಂದೊಂದು ಹಾಕಿದೆ. ಅವಳು ಎದ್ದು ಹೋದಳು. ಗೆದ್ದೆ ಅಂದುಕೊಂಡೆ.

ಮೂರನೇ ದಿನ ನಾನು ಹಿಂದೆಂದೂ ಅನುಭವಿಸದ ತಲೆನೋವು ಬಂತು. ವಾಂತಿಯಾಯಿತು. ಎದ್ದು ನಿಂತಾಗ ಬೂದಿಬಣ್ಣ ಬಂದು ಹೋಯಿತು, ಎಂದಿಗಿಂತ ತುಸು ಹೆಚ್ಚು ಹೊತ್ತು ಇತ್ತು ಅನ್ನಿಸಿತು. ಅನ್ನಿಸಿತು ಅಷ್ಟೆ, ಅಳೆದು ನೋಡಿದವರು ಯಾರು? ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿದೆ. ಎಡಕ್ಕೆ ಕಾಯಿಲೆ, ಬಲಕ್ಕೆ ಪಥ್ಯ. ತಲೆನೋವು ಎಡಕ್ಕೂ ಸೇರಿತು, ಬಲಕ್ಕೂ ಸೇರಿತು. ವಾಂತಿ, ತಲೆಸುತ್ತು, ಕಣ್ಣು ಮಂಜಾಗುವುದು, ಎಲ್ಲವೂ ಎರಡೂ ಕಡೆಗೆ. ಪಥ್ಯದ ತೊಂದರೆಯೇ ಆಗಿದ್ದರೆ ಹಲ್ಲು ಕಚ್ಚಿ ತಡೆದುಕೊಳ್ಳಬೇಕು. ಕಾಯಿಲೆ ಏರುತ್ತಿದ್ದರೆ ಈಗಲೇ ಹೊರಡಬೇಕು, ತಡೆದುಕೊಂಡಷ್ಟೂ ಕಣ್ಣು ಹೋಗುತ್ತದೆ. ಹೆದರಿ ಪಥ್ಯ ಬಿಟ್ಟರೆ ಒತ್ತಡ ಹಾಗೇ ಉಳಿಯುತ್ತದೆ, ಆಗಲೂ ಕಣ್ಣು ಹೋಗುತ್ತದೆ. ಪರ ಮತ್ತು ವಿರೋಧ ಎರಡನ್ನೂ ಸಮ ಬಲದಿಂದ ಮಂಡಿಸುವುದನ್ನು ನಾನು ವರ್ಷಗಟ್ಟಲೆ ಕಲಿತಿದ್ದೆ. ತೀರ್ಪು ಕೊಡುವುದನ್ನು ಯಾರೂ ಕಲಿಸಿರಲಿಲ್ಲ.

ಅಪ್ಪನದು ಒಂದೇ ಮಾತು: ಈ ಪಟ್ಟಿ ಹರಿದು ಬಿಸಾಕು, ಉಪವಾಸ ಕೆಡವಿ ಮಗಳನ್ನ ಕಳಕೊಳ್ಳಕ್ಕೆ ನಾನು ತಯಾರಿಲ್ಲ. ಅಮ್ಮ ನನ್ನನ್ನು ಹಾನುಬಾಳಿಗೆ, ಫ್ಲೋರಾ ಸಿಸ್ಟರ್ ಮನೆಗೆ ಕರೆದುಕೊಂಡು ಹೋದಳು. ಸಿಸ್ಟರ್ ಎಸ್ಟೇಟ್ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು, ಮೂಲ ಮಂಗಳೂರಿನವರು. ಊರಿನಲ್ಲಿ ಅರ್ಧ ಜನ ಮೊದಲು ಅವರನ್ನು ಕಂಡೇ ಆಮೇಲೆ ಬಸ್ಸು ಹತ್ತುವುದು. ನನ್ನನ್ನು ಮಲಗಿಸಿ ಒಂದು ಸಲ, ನಿಲ್ಲಿಸಿ ಒಂದು ಸಲ ಬಿ.ಪಿ. ನೋಡಿದರು. ನಿಂತಾಗ ಇಳಿಯುತ್ತಿತ್ತು. ಉಪ್ಪು ಎಷ್ಟು ತಿನ್ನುತ್ತೀ, ನೀರು ಎಷ್ಟು ಕುಡಿಯುತ್ತೀ ಎಂದು ಕೇಳಿದರು. ನಾನು ಊಟದ ಜೊತೆ ಉಪ್ಪು, ನೀರು ಎರಡನ್ನೂ ಕಡಿಮೆ ಮಾಡಿಬಿಟ್ಟಿದ್ದೆ, ಬೇಗ ಇಳಿಯಲಿ ಎಂದು.

"ಊಟ ಕಮ್ಮಿ ಮಾಡು ಅಂದ್ರೆ ನೀರೂ ಬಿಡುದಾ ಮಾರಾಯ್ತಿ?" ಎಂದು ಬೈದು, ನೀರುಮಜ್ಜಿಗೆಗೆ ಉಪ್ಪು ಹಾಕಿ ಎರಡು ಲೋಟ ಕುಡಿಸಿದರು. ನೆಲ ವಾಲುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಆದರೆ ತಲೆನೋವಿನ ಬಗ್ಗೆ ಅವರು ಊಹೆ ಮಾಡಲಿಲ್ಲ. "ಇದು ಯಾವ ತಲೆನೋವು ಅಂತ ನಂಗೆ ಹೇಳ್ಲಿಕ್ಕೆ ಆಗುದಿಲ್ಲ. ಕಣ್ಣಿನ ಒಳಗೆ ನೋಡಿದವ್ರೇ ಹೇಳ್ಬೇಕು. ನಾಳೆ ಬೆಳಿಗ್ಗೆ ಫಸ್ಟ್ ಬಸ್ಸಿಗೆ ಹಾಸನಕ್ಕೆ ಹೋಗಿ."

ನಾನು ಅವತ್ತು ಕಲಿತದ್ದರಲ್ಲಿ ಇದೊಂದು ದೊಡ್ಡದು. ಗೊತ್ತಿಲ್ಲ ಎಂದು ಅಷ್ಟು ಸ್ಪಷ್ಟವಾಗಿ ಹೇಳುವವರ ಮಾತನ್ನು ನಂಬಬಹುದು.

ನಾಲ್ಕನೇ ದಿನ ಹಾಸನದಲ್ಲಿ ಅದೇ ಡಾಕ್ಟರಮ್ಮನ ಕ್ಲಿನಿಕ್ಕು. ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲವಾಗುವವರೆಗೆ ಕಣ್ಣು ಮುಚ್ಚಿಕೊಂಡು ಕೂರಿ ಎಂದರು. ಬೆಂಚಿನ ಮೇಲೆ ಹತ್ತು ಹನ್ನೆರಡು ಜನ, ಎಲ್ಲರೂ ಕಣ್ಣು ಮುಚ್ಚಿದವರೇ. ಬಹಳ ಜನ ಮುದುಕರು, ಪೊರೆ ತೆಗೆಸಲು ಬಂದವರು. ಪಕ್ಕದ ಅಜ್ಜ, ನಿಂದು ಯಾವ ಕಣ್ಣು ಎಂದು ನನ್ನನ್ನು ಕೇಳಿದ. ಎರಡೂ ಅಂದೆ. ಎಷ್ಟು ವರ್ಷ ಎಂದ. ಇಪ್ಪತ್ತೆರಡು ಅಂದೆ. ಅವನು ತನ್ನ ಸರದಿಯ ಚೀಟಿಯನ್ನು ತಡವಿ ನನ್ನ ಕೈಗೆ ಇಟ್ಟ. ನನ್ನದಕ್ಕಿಂತ ಐದು ನಂಬರ್ ಮೊದಲಿನದು ಎಂದು ಅಮ್ಮ ನೋಡಿ ಹೇಳಿದಳು. ಬೇಡ ಎಂದರೂ ವಾಪಸ್ ತೆಗೆದುಕೊಳ್ಳಲಿಲ್ಲ.

ಕಣ್ಣು ಮುಚ್ಚಿದ ಮೇಲೆ ಅಮ್ಮನ ದನಿ ಹತ್ತಿರವಾಯಿತು. "ಒಂದು ಹೇಳ್ತೀನಿ, ಮಧ್ಯ ಬಾಯಿ ಹಾಕ್ಬೇಡ," ಅಂದಳು. ಅವಳ ಅಪ್ಪ ತವರೂರು ಹೆಗ್ಗದ್ದೆಯಲ್ಲಿ ತೀರಿಕೊಂಡದ್ದು ನಾನು ಹುಟ್ಟುವ ಮೊದಲು. ಅದನ್ನು ಅವಳು ನನ್ನ ಹತ್ತಿರ ಎಂದೂ ಆಡಿದವಳಲ್ಲ.

"ಸಾವಿನ ಮನೇಲಿ ಒಲೆ ಹಚ್ಚಂಗಿಲ್ವಲ್ಲ, ಪಕ್ಕದೋರು ಗಂಜಿ ತಂದ್ಕೊಡೋರು, ಕಾಫೀನೂ ತರೋರು. ಗಂಜಿ ಕುಡೀತಿದ್ದೆ. ಕಾಫಿ ಮುಟ್ಟಲಿಲ್ಲ. ಅಪ್ಪಂಗೆ ಇಲ್ಲದ್ದು ನಂಗ್ಯಾಕೆ ಅಂತ. ಮೂರನೇ ದಿನ ತಲೆ ಎರಡು ಹೋಳಾಗಂಗೆ ಸಿಡೀತು. ಅತ್ತೂ ಅತ್ತೂ ಹಿಂಗಾಗೈತೆ ಅಂದ್ರು ಎಲ್ಲಾರೂ, ನಾನೂ ಹಂಗೇ ಅಂದ್ಕಂಡೆ. ದೊಡ್ಡಮ್ಮ ಬೈದು ಒಂದು ಲೋಟ ಕಾಫಿ ಕುಡಿಸಿದ್ಲು. ಒಂದು ಗಳಿಗೇಲಿ ತಲೆನೋವು ಹೋಗ್ಬುಡ್ತು. ಅಪ್ಪ ಹೋದ ಸಂಕಟ ಹಂಗೇ ಇತ್ತು. ಆವಾಗ ಗೊತ್ತಾಯ್ತು ನಂಗೆ, ಎರಡೂ ಬ್ಯಾರೆ ಬ್ಯಾರೆ ಅಂತ."

ನಾನು ಅಭ್ಯಾಸಬಲದಿಂದ ತೂತು ಹುಡುಕಿದೆ. ಗಂಜಿ ಕುಡಿಯುತ್ತಿದ್ದಳು, ಅಂದರೆ ಹಸಿವು ಕಾರಣವಲ್ಲ. ಸಂಕಟ ಹಾಗೇ ಇತ್ತು, ಅಂದರೆ ಅಳು ಕಾರಣವಲ್ಲ. ನಡುವೆ ಬದಲಾದದ್ದು ಒಂದೇ ಒಂದು. ಎರಡು ದಿನದ ಹಿಂದೆ ನಾನು ಕೇಳಿದ ಮೂರೂ ಪ್ರಶ್ನೆಗೆ ಉತ್ತರ ಇದರಲ್ಲಿತ್ತು. ಎರಡು ತಲೆನೋವು ಒಂದೇ ತಲೆಯಲ್ಲಿ ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಇದ್ದದ್ದು ಎರಡೇ ಸಾಲು.

"ಇದನ್ನ ಮೊನ್ನೇನೇ ಯಾಕೆ ಹೇಳ್ಲಿಲ್ಲ?" ಎಂದೆ.

"ನೀನು ಹೇಳಕ್ಕೆ ಎಲ್ಲಿ ಬುಟ್ಟೆ?"

ಒಳಗೆ ಡಾಕ್ಟರಮ್ಮ ದೀಪ ಹಿಡಿದು ನೋಡಿದರು. ಬಲಗಣ್ಣು, ಎಡಗಣ್ಣು, ಮತ್ತೆ ಬಲಗಣ್ಣು. ನರದ ಬಾವು ಜಾಸ್ತಿಯಾಗಿಲ್ಲ ಎಂದರು. ಕಡಿಮೆಯೂ ಆಗಿಲ್ಲ, ನಾಲ್ಕು ದಿನಕ್ಕೆ ಆಗುವುದೂ ಇಲ್ಲ. ಹಾಗಾದರೆ ಈ ತಲೆನೋವು ಎಲ್ಲಿಯದು ಎಂದು ಅವರೇ ಯೋಚಿಸುವಾಗ ಅಮ್ಮ ಹಿಂಜರಿಯುತ್ತಾ ಕಾಫಿಯ ವಿಷಯ ತೆಗೆದಳು. ದಿನಕ್ಕೆ ಎಷ್ಟು ಎಂದು ಅವರು ಕೇಳಿದರು. ನಾವಿಬ್ಬರೂ ಬೆರಳು ಮಡಚಿದೆವು. ಎದ್ದ ಕೂಡಲೇ ಒಂದು, ರೊಟ್ಟಿಯ ಜೊತೆ ಒಂದು, ಹತ್ತು ಗಂಟೆಗೆ ಕೆಲಸದವರಿಗೆ ಕಾಸಿದಾಗ ಒಂದು, ಊಟ ಆಗಿ ಮಲಗಿ ಎದ್ದಾಗ ಒಂದು, ಯಾರಾದರೂ ಬಂದರೆ ಅವರ ಜೊತೆ, ಯಾರೂ ಬರದಿದ್ದರೆ ಬೇಜಾರಿಗೆ. ಎಂಟು ಬೆರಳು ಮುಗಿದವು. ಎಲ್ಲವೂ ಬೆಲ್ಲ ಹಾಕಿದ್ದು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇದನ್ನ ಮಂಗಳೂರಲ್ಲಿ ಯಾಕೆ ಹೇಳ್ಲಿಲ್ಲ?"

"ಅವ್ರು ಏನು ತಿಂತಾಳೆ ಅಂತ ಕೇಳಿದ್ರು," ಎಂದಳು ಅಮ್ಮ.

ಇದು ಹೊರಗಿನವರಿಗೆ ತಮಾಷೆ ಅನ್ನಿಸಬಹುದು. ನಮ್ಮ ಕಡೆ ಕಾಫಿ ತಿನ್ನುವುದರಲ್ಲೂ ಇಲ್ಲ, ಕುಡಿಯುವುದರಲ್ಲೂ ಇಲ್ಲ, ಅದು ಬಾಗಿಲು ತೆರೆಯುವಷ್ಟು ಸಹಜ. ಎರಡು ಲೋಟ ಕಾಫಿ ಕುಡಿದು ಎದ್ದುಹೋಗುವ ನೆಂಟರು, ನಿಮ್ಮನೇಲಿ ಏನೂ ತಗೊಳ್ಳಲೇ ಇಲ್ಲ ಎಂದು ನೊಂದುಕೊಳ್ಳುತ್ತಾರೆ. ಹಾಗಾಗಿ ಡಾಕ್ಟರ ಮುಂದೆ ಕೋಳಿ ಸಾರನ್ನು ಒಪ್ಪಿಕೊಂಡ ನಮಗೆ ಎಂಟು ಲೋಟ ಕಾಫಿ ಕಣ್ಣಿಗೇ ಬಿದ್ದಿರಲಿಲ್ಲ. ಎಂಟನ್ನೂ ಒಂದೇ ದಿನಕ್ಕೆ ನಿಲ್ಲಿಸಿದ್ದು ಅಮ್ಮನೊಬ್ಬಳ ಕಣ್ಣಿಗೆ ಬಿದ್ದಿತ್ತು.

ಹಾಲು ಬೆಲ್ಲ ಇಲ್ಲದೆ ದಿನಕ್ಕೆ ಎರಡು ಸಣ್ಣ ಲೋಟ ಕಾಫಿ ಕುಡಿ, ವಾರ ವಾರ ಇಳಿಸಿಕೊಂಡು ಬಾ ಎಂದರು. ನನ್ನದೊಂದು ಆಕ್ಷೇಪ ಬಾಕಿ ಇತ್ತು. ಕಾಫಿಯಿಂದ ತಲೆನೋವು ಅಡಗಿದರೆ, ನಿಜವಾಗಿ ಒತ್ತಡ ಏರಿದಾಗ ನನಗೆ ತಿಳಿಯುವುದು ಹೇಗೆ? ಈ ಪ್ರಶ್ನೆ ಅವರಿಗೆ ಇಷ್ಟವಾಯಿತು ಅಂತ ಕಾಣುತ್ತದೆ.

"ಲಾ ಓದ್ತಿದೀಯಲ್ಲ. ತಲೆನೋವನ್ನ ಸಾಕ್ಷಿಗೆ ಕರೀಬೇಡ, ಅದು ಎರಡೂ ಕಡೆ ಹೇಳಿಕೆ ಕೊಡುತ್ತೆ. ಪ್ರತಿ ವಾರ ಬಾ, ಕಣ್ಣು ನಾನು ನೋಡ್ತೀನಿ. ಕತ್ತಲೆ ಬಂದದ್ದು ಬೇಗ ಹೋಗದಿದ್ರೆ, ಇಲ್ಲಾ ಎರಡೆರಡು ಕಂಡ್ರೆ, ವಾರ ಕಾಯದೆ ಅವತ್ತೇ ಬಾ."

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಹಾಲಿಲ್ಲದ, ಸಕ್ಕರೆ ಇಲ್ಲದ ಕಾಫಿ ಕೇಳಿದೆವು. ಮಾಣಿ, ಕಷಾಯ ಅನ್ರೀ ಹಂಗಾದ್ರೆ ಎಂದು ತಂದಿಟ್ಟ. ಕುಡಿದು ಬಸ್ಸು ಹತ್ತಿ ಗಡಿಯಾರ ನೋಡಿಕೊಂಡೆ. ಆಲೂರು ದಾಟುವಾಗ ಕಣ್ಣಿನ ಹಿಂದಿನ ಹೆಬ್ಬೆರಳು ಸಡಿಲವಾಯಿತು. ಬಾಳ್ಳುಪೇಟೆಯ ಹೊತ್ತಿಗೆ ಅದು ಇರಲಿಲ್ಲ. ಹನಿ ಹಾಕಿದ ಕಣ್ಣಿಗೆ ಹೊರಗಿನ ಬೆಳಕು ಚುಚ್ಚುತ್ತಿತ್ತು, ಸೆರಗಿನ ತುದಿಯನ್ನು ಅಮ್ಮ ನನ್ನ ಮುಖಕ್ಕೆ ಹಿಡಿದಿದ್ದಳು. ಸಕಲೇಶಪುರ ಬರುವವರೆಗೂ ಹೇಳಲಿಲ್ಲ, ಜಂಬ ಅಡ್ಡ ಬಂತು. ಇಳಿಯುವಾಗ ಹೋಯ್ತು ಎಂದೆ. ಏನು ಹೋಯ್ತು, ಪರ್ಸಾ, ಎಂದು ಕೇಳಿದಳು. ಅವಳಿಗೆ ಗೊತ್ತಿತ್ತು. ನನ್ನ ಬಾಯಿಂದ ಪೂರಾ ಹೇಳಿಸಿಯೇ ಬಿಟ್ಟಳು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕಾಫಿಯದಾಗಿದ್ದದ್ದು ಒಂದು ತಲೆನೋವು ಮಾತ್ರ. ಹಸಿವು ಹಸಿವಿನದೇ. ಎರಡನೇ ವಾರ ಮಲಬದ್ಧತೆ. ಇದನ್ನು ಯಾರೂ ಬರೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ, ನಾಲ್ಕು ದಿನ ಅತ್ತಿದ್ದೇನೆ. ಹಿತ್ತಲಿನ ಪಪ್ಪಾಯಿ, ಸೊಪ್ಪು, ಬಿಸಿನೀರು, ಕಣದ ಸುತ್ತ ನಡಿಗೆ, ಇವುಗಳಿಂದ ಸುಧಾರಿಸಿತು. ಐದನೇ ವಾರಕ್ಕೆ ಬಾಚಣಿಗೆ ತುಂಬ ಕೂದಲು. ಸಿಸ್ಟರ್ ಪಟ್ಟಿಗೆ ಒಂದು ಮೊಟ್ಟೆ, ಒಂದು ಹಿ​ಡಿ ಹೆಸರುಕಾಳು ಸೇರಿಸಿ, ಮಂಗಳೂರಿಗೆ ಫೋನು ಮಾಡಿ ಒಪ್ಪಿಗೆ ಪಡೆದರು. ಸಂಜೆ ಐದರ ಹೊತ್ತಿಗೆ ಬರುವ ಸಿಟ್ಟಿಗೆ ಔಷಧಿ ಸಿಗಲಿಲ್ಲ. ಅದು ಬರುವ ಹೊತ್ತು ಗೊತ್ತಾದ ಮೇಲೆ ಆ ಹೊತ್ತಿನಲ್ಲಿ ಯಾರ ಜೊತೆಗೂ ಮಾತಾಡದೆ ಹರಗುವ ಹಲಗೆ ಹಿಡಿದು ಕಾಫಿ ಎಳೆಯುತ್ತಿದ್ದೆ. ತೂಕ ಮೊದಲು ಬೇಗ ಇಳಿಯಿತು, ಆಮೇಲೆ ಮೂರು ವಾರ ಒಂದೇ ಕಡೆ ನಿಂತಿತು. ಆ ಮೂರು ವಾರದಷ್ಟು ಅನುಮಾನ ನನಗೆ ಯಾವ ವಿಷಯದಲ್ಲೂ ಬಂದಿಲ್ಲ. ಡಾಕ್ಟರು ಹೇಳಿದಂತೆ ಅನುಮಾನ ಇಟ್ಟುಕೊಂಡೇ ತಿಂದೆ. ನಿಂತ ತೂಕ ಮತ್ತೆ ಕದಲಿತು. ಯಾಕೆ ನಿಂತಿತು, ಯಾಕೆ ಕದಲಿತು, ಇವತ್ತಿಗೂ ಗೊತ್ತಿಲ್ಲ.

ಮೂರು ತಿಂಗಳಿಗೆ ಮಂಗಳೂರಿಗೆ ಹೋದಾಗ ಹದಿಮೂರು ಕೆ.ಜಿ. ಇಳಿದಿದ್ದೆ. ದೃಷ್ಟಿಯ ಅಂಚು ಅಳೆಯುವ ಮೆಷಿನ್ನಿನ ಮುಂದೆ ಕೂರಿಸಿದರು. ಒಂದು ಬಿಳಿ ಬೋಗುಣಿಯೊಳಗೆ ಮುಖ ಇಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕಿನ ಚುಕ್ಕೆ ಮಿಂಚಿದರೆ ಗುಂಡಿ ಒತ್ತಬೇಕು. ಬಲಗಣ್ಣಿನಲ್ಲಿ ಒತ್ತುತ್ತಾ ಹೋದೆ. ಎಡಗಣ್ಣಿನಲ್ಲಿ ನಡುನಡುವೆ ದೀರ್ಘ ಖಾಲಿ. ಬೆಳಕು ಬರುತ್ತಿಲ್ಲವೋ, ಬಂದದ್ದು ನನಗೆ ಕಾಣುತ್ತಿಲ್ಲವೋ? ಒತ್ತಿಬಿಡಬೇಕು ಅನ್ನಿಸಿತು. ಕಂಡಿತು ಎಂದು ವಾದಿಸಬಲ್ಲೆ, ಯಾರಿಗೆ ಗೊತ್ತಾಗುತ್ತದೆ. ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ.

ಡಾಕ್ಟರು ಎರಡು ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ನರದ ಬಾವು ಬಹುಪಾಲು ಇಳಿದಿದೆ, ಆಪರೇಶನ್ ಬೇಡ, ಬಲಗಣ್ಣು ಪೂರ್ತಿ ಚೆನ್ನಾಗಿದೆ. ಎಡಗಣ್ಣಿನ ಹಾಳೆಯಲ್ಲಿ ಮೂಗಿನ ಕಡೆಗೆ, ಕೆಳಮೂಲೆಯಲ್ಲಿ, ಒಂದು ಕಪ್ಪು ತೇಪೆ. ಇದು ವಾಪಸ್ ಬರುತ್ತದಾ ಎಂದು ಕೇಳಿದೆ. ಇಲ್ಲ ಎಂದರು. ಬೆಳೆಯುತ್ತದಾ ಎಂದು ಅಪ್ಪ ಕೇಳಿದ. ಈಗ ನಿಂತಿದೆ, ತೂಕ ಏರದ ಹಾಗೆ ನೋಡಿಕೊಂಡರೆ ನಿಂತೇ ಇರಲಿ ಎಂದು ಆಶಿಸೋಣ ಎಂದರು. ಮನೆಯಲ್ಲೇ ಮಾಡುವ ಒಂದು ಪರೀಕ್ಷೆಯನ್ನೂ ಹೇಳಿಕೊಟ್ಟರು. ತಿಂಗಳಿಗೊಮ್ಮೆ ಯಾರನ್ನಾದರೂ ಎದುರಿಗೆ ಹತ್ತಿರ ಕೂರಿಸಿಕೊಂಡು, ಬಲಗಣ್ಣು ಮುಚ್ಚಿ, ಅವರ ಮೂಗನ್ನೇ ನೋಡುತ್ತಾ ಮುಖದಲ್ಲಿ ಏನೇನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಗುರುತಿಟ್ಟುಕೊಳ್ಳಬೇಕು. ಕಾಣದ ಜಾಗ ದೊಡ್ಡದಾದರೆ ಕೂಡಲೇ ಬರಬೇಕು.

ಎರಡೂ ಕಣ್ಣು ತೆರೆದಿದ್ದರೆ ಆ ತೇಪೆ ಇರುವುದೇ ನನಗೆ ತಿಳಿಯುವುದಿಲ್ಲ. ಓದುತ್ತೇನೆ, ಬರೆಯುತ್ತೇನೆ, ಕೋರ್ಟಿಗೆ ಹೋಗುತ್ತೇನೆ. ಊರಿಗೆ ಹೋದಾಗ ತಿಂಗಳ ಪರೀಕ್ಷೆಗೆ ಅಮ್ಮನೇ ಕೂರುವುದು. ಕೈಲಿದ್ದ ಕೆಲಸ ಬದಿಗಿಟ್ಟು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕುಳಿತು, ಮುಖ ಅಲುಗಿಸದೆ ಕೇಳುತ್ತಾಳೆ.

"ಕಿವಿ ಓಲೆ?"

"ಎಡಗಿವೀದು ಕಾಣಲ್ಲ."

"ಹೋದ ಸಲಾನೂ ಕಾಣಲಿಲ್ಲ. ಬಾಯಿ?"

"ಕಾಣ್ತದೆ."

"ಪೂರ್ತಿನಾ? ಸರಿಯಾಗಿ ನೋಡು."

ಅವಳು ಬಾಯಿ ಮುಚ್ಚಿಕೊಂಡು ಕಾಯುತ್ತಾಳೆ. ನಾನು ನೋಡುತ್ತೇನೆ, ಅವಸರ ಮಾಡುವುದಿಲ್ಲ. ಪೂರ್ತಿ ಅನ್ನುತ್ತೇನೆ.

"ಹಂಗಾರೆ ಸಾಕು ಬುಡು," ಎಂದು ಎದ್ದು ಒಳಗೆ ಹೋಗುತ್ತಾಳೆ.